ಪಿಗ್ಮಿ ಕಡಲಕುದುರೆಯ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಗಂಗಾವತಿಯಲ್ಲಿ. ಸುತ್ತ ಭತ್ತದ ಗದ್ದೆ, ಅದರಾಚೆ ಬಂಡೆಗಲ್ಲಿನ ಗುಡ್ಡ. ಕಾರವಾರದ ಸಮುದ್ರ ರಸ್ತೆಯಲ್ಲಿ 300 ಕಿಲೋಮೀಟರ್ ಆಸುಪಾಸು. ಇಂಥ ಊರಿನವಳು ಪಿಗ್ಮಿ ಕಡಲಕುದುರೆಯ, ಅಂದರೆ ಬೆರಳ ತುದಿಯಷ್ಟೇ ಇರುವ ಒಂದು ಸಮುದ್ರದ ಮೀನಿನ ಫೋಟೋ ತೆಗೆಯುತ್ತಾಳೆ ಅಂದರೆ ಜನ ಕೇಳದೆ ಬಿಡುತ್ತಾರಾ? ಮದುವೆ ಮನೆಯಲ್ಲಿ, ಶಾಲೆ ಮಕ್ಕಳಿಗೆ ಚಿತ್ರ ತೋರಿಸಿದಾಗ, ಪತ್ರಗಳಲ್ಲಿ, ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಮೊದಲು ಪ್ರಾಣಿಯ ವಿಷಯ, ಆಮೇಲೆ ನೀರಿನದು, ಕೊನೆಗೆ ಕ್ಯಾಮೆರಾದ್ದು.

## ಪ್ರಾಣಿಯ ಬಗ್ಗೆ

ಅಕ್ಕಾರ, ಈ ಫೋಟೋದಾಗ ಕುದುರಿ ಎಲ್ಲೈತ್ರಿ? ನನಗ ಬರೇ ಗಿಡದ ಟೊಂಗಿ ಕಾಣಾಕತ್ತೈತಿ.

ಕಾಣದಿದ್ದರೆ ಬೇಸರ ಬೇಡ. ಯಾರಿಗೂ ಕಾಣಬಾರದು ಅಂತಲೇ ಅದು ಹಾಗಿದೆ. ನಿಮಗೆ ಟೊಂಗೆ ಅನ್ನಿಸಿದ್ದು ಗಿಡದ್ದೂ ಅಲ್ಲ. ಅದರ ಹೆಸರು ಸೀ ಫ್ಯಾನ್, ಹವಳದ ಬಳಗದ ಜೀವಿ. ಬೀಸಣಿಗೆಯ ಹಾಗೆ ಹರಡಿಕೊಂಡು ನೀರಿನ ಸೆಳೆತಕ್ಕೆ ಅಡ್ಡಲಾಗಿ ನಿಂತಿರುತ್ತದೆ. ಟೊಂಗೆಯ ಮೇಲಿನ ಗುಲಾಬಿ ಗುಬುಟುಗಳು ಸೀ ಫ್ಯಾನಿನದೇ ಪುಟಾಣಿ ಜೀವಗಳು, ಮುಚ್ಚಿಕೊಂಡಿರುವ ಪಾಲಿಪ್‌ಗಳು. ಬಾರ್ಗಿಬಾಂಟಿ ಎಂಬ ಜಾತಿಯ ಪಿಗ್ಮಿ ಕಡಲಕುದುರೆಯ ಮೈಮೇಲೂ ಅದೇ ಬಣ್ಣದ, ಅದೇ ಗಾತ್ರದ ಗುಬುಟುಗಳಿರುತ್ತವೆ. ಬಾಲವನ್ನು ಟೊಂಗೆಗೆ ಸುತ್ತಿಕೊಂಡು ಕೂತರೆ ಎಲ್ಲಿ ಟೊಂಗೆ ಮುಗಿಯಿತು, ಎಲ್ಲಿ ಕುದುರೆ ಶುರುವಾಯಿತು ಗೊತ್ತೇ ಆಗುವುದಿಲ್ಲ.

ನಾನು ಮಕ್ಕಳಿಗೆ ಹೇಳುವ ಉಪಾಯ ಒಂದೇ: ಕಣ್ಣು ಹುಡುಕಿ. ಗುಬುಟಿಗೆ ಕಣ್ಣಿರುವುದಿಲ್ಲ. ಸಣ್ಣ ಗೆರೆಗಳ ನಡುವೆ ಒಂದು ಕಪ್ಪು ಚುಕ್ಕೆ ಸಿಕ್ಕರೆ, ಅದರ ಕೆಳಗೆ ಉಬ್ಬಿದ ಹೊಟ್ಟೆ ತಾನಾಗಿ ಕಾಣುತ್ತದೆ.

ವಿಜ್ಞಾನಿಗಳಿಗೂ ಇದು ಸಮುದ್ರದಲ್ಲಿ ಸಿಕ್ಕಿದ್ದಲ್ಲ. 1969ರಲ್ಲಿ ಜಾರ್ಜ್ ಬಾರ್ಗಿಬಾಂಟ್ ಎಂಬವರು ನ್ಯೂ ಕ್ಯಾಲೆಡೋನಿಯಾದ ಅಕ್ವೇರಿಯಂಗಾಗಿ ಒಂದು ಸೀ ಫ್ಯಾನ್ ತಂದಿದ್ದರು. ಅದನ್ನು ಪರೀಕ್ಷಿಸುವಾಗ ಮೇಲೆ ಒಂದು ಜೊತೆ ಕಡಲಕುದುರೆ ಇದ್ದದ್ದು ಕಂಡಿತು. ಮರುವರ್ಷ ಅವರ ಹೆಸರನ್ನೇ ಅದಕ್ಕೆ ಇಟ್ಟರು.

ಇದು ಮರಿ ಇರಬೇಕಲ್ವಾ? ದೊಡ್ಡದಾದ ಮೇಲೆ ಎಷ್ಟಾಗುತ್ತೆ?

ಮರಿಯಲ್ಲ, ಬೆಳೆದು ಮುಗಿದದ್ದು. ಬಾರ್ಗಿಬಾಂಟಿ ಸಾಮಾನ್ಯವಾಗಿ 2 ಸೆಂಟಿಮೀಟರ್ ಒಳಗೇ ಇರುತ್ತದೆ. ನಿಮ್ಮ ಕಿರುಬೆರಳಿನ ತುದಿ ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ. 2008ರಲ್ಲಿ ಹೆಸರಿಟ್ಟ ಸಾಟೋಮಿಯೆ ಇನ್ನೂ ಸಣ್ಣದು, 14 ಮಿಲಿಮೀಟರ್ ಸುಮಾರು. ನಮ್ಮ ಸೋನಾ ಮಸೂರಿಯ ಮೂರು ಅಕ್ಕಿಕಾಳುಗಳನ್ನು ಸಾಲಾಗಿ ಇಟ್ಟಷ್ಟು. ಡೆನಿಸೆ, ಪೊಂಟೋಹಿ ಅಂತ ಇನ್ನೂ ಕೆಲವು ಜಾತಿಗಳಿವೆ. ಡೆನಿಸೆಗೆ ಗುಬುಟು ಕಡಿಮೆ, ಮೈ ನುಣುಪು, ಸ್ವಲ್ಪ ಜಾಸ್ತಿ ಓಡಾಡುತ್ತದೆ. ಪೊಂಟೋಹಿ ಸೀ ಫ್ಯಾನ್ ಕಟ್ಟಿಕೊಂಡು ಕೂರುವುದಿಲ್ಲ, ಬಂಡೆಯ ಮೇಲಿನ ಪಾಚಿಯಂಥ ಪೊದೆಗಳಲ್ಲಿ ಇರುತ್ತದೆ.

ಕುದುರೆ ಅಂತೀರಿ, ಮೀನು ಅಂತೀರಿ. ಯಾವುದು ಖರೆ?

ಮೀನೇ. ಕಿವಿರಿದೆ, ರೆಕ್ಕೆಯಿದೆ. ಮುಖ ಮಾತ್ರ ಕುದುರೆಯದು. ಬೆನ್ನಿನ ಒಂದು ಪುಟ್ಟ ರೆಕ್ಕೆಯನ್ನು ಪಟಪಟ ಬಡಿದು ಮುಂದೆ ಸಾಗುತ್ತದೆ, ಹಾಗಾಗಿ ಈಜಿನಲ್ಲಿ ಬಹಳ ನಿಧಾನ. ಹೊಟ್ಟೆಯೊಳಗೆ ಜಠರ ಇಲ್ಲ. ತಿಂದದ್ದು ಬೇಗ ದಾಟಿ ಹೋಗುವುದರಿಂದ ದಿನವಿಡೀ ತಿನ್ನುತ್ತಲೇ ಇರಬೇಕು. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಫೋಟೋ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ತಿನ್ನುವುದನ್ನು ಬಿಟ್ಟು ನಮಗೆ ಹೆದರಿ ಕೂತ ಪ್ರತಿ ನಿಮಿಷವೂ ಅದಕ್ಕೆ ನಷ್ಟ.

ಗಂಡು ಹೆರ್ತದಂತ, ಹೌದೇನವಾ?

ಹೌದವ್ವಾ. ಎಲ್ಲ ಕಡಲಕುದುರೆಗಳಲ್ಲೂ ಹಾಗೆಯೇ. ಹೆಣ್ಣು ತತ್ತಿಯನ್ನು ಗಂಡಿನ ಚೀಲಕ್ಕೆ ಹಾಕುತ್ತದೆ, ಬಸಿರು ಗಂಡಿನದು. ದೊಡ್ಡ ಕಡಲಕುದುರೆಗಳಿಗೆ ಆ ಚೀಲ ಬಾಲದ ಕಡೆ ಇರುತ್ತದೆ, ಪಿಗ್ಮಿಗಳಿಗೆ ಮೈಯೊಳಗೇ ಇದೆ. ಹುಟ್ಟಿದ ಮರಿ ಕಪ್ಪಗೆ ಇರುತ್ತದೆ, ಸ್ವಲ್ಪ ಕಾಲ ನೀರಿನಲ್ಲಿ ತೇಲಾಡಿ ಒಂದು ಸೀ ಫ್ಯಾನ್ ಹಿಡಿದುಕೊಳ್ಳುತ್ತದೆ. ಆಮೇಲೆ ಬಣ್ಣ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನವರು ಬಾರ್ಗಿಬಾಂಟಿಯನ್ನು ತೊಟ್ಟಿಯಲ್ಲಿ ಮರಿ ಮಾಡಿಸಿದ್ದಾರೆ. ಕಿತ್ತಳೆ ಬಣ್ಣದ ತಂದೆ ತಾಯಿಗೆ ಹುಟ್ಟಿದ ಮರಿಯನ್ನು ನೇರಳೆ ಸೀ ಫ್ಯಾನಿನ ಮೇಲೆ ಬಿಟ್ಟರೆ ಅದು ನೇರಳೆಯೇ ಆಯಿತು. ಹೆತ್ತವರ ಬಣ್ಣವಲ್ಲ, ಹಿಡಿದುಕೊಂಡ ಮನೆಯ ಬಣ್ಣ.

ನಮ್ಮ ಡ್ಯಾಮಿನಾಗ ಸಿಗ್ತಾವೇನ್ರಿ?

ಇಲ್ಲ. ಪಿಗ್ಮಿ ಕಡಲಕುದುರೆಗೆ ಉಪ್ಪುನೀರು, ಹವಳದ ದಿಬ್ಬ ಬೇಕು. ತುಂಗಭದ್ರೆಯಲ್ಲಿ ನೋಡಬೇಕಾದ್ದು ನೀರುನಾಯಿ. 2015ರಲ್ಲಿ ನದಿಯ 34 ಕಿಲೋಮೀಟರ್ ಉದ್ದವನ್ನು ಅವಕ್ಕಾಗಿ ಮೀಸಲಿಟ್ಟಿದ್ದಾರೆ, ನೋಡಿಲ್ಲದಿದ್ದರೆ ಒಮ್ಮೆ ಬೆಳಿಗ್ಗೆ ಬೇಗ ಹೋಗಿ ಬನ್ನಿ.

ಸೀ ಫ್ಯಾನ್ ಮೇಲಿರುವ ಪಿಗ್ಮಿಗಳು ಸಿಗುವುದು ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಮಲೇಷ್ಯಾ, ಪಪುವಾ ನ್ಯೂಗಿನಿ, ಆಸ್ಟ್ರೇಲಿಯಾ, ಜಪಾನ್ ಕಡೆ. ನಮ್ಮ ದೇಶದಲ್ಲೂ ಕಡಲಕುದುರೆಗಳಿವೆ, ಆದರೆ ಅವು ಬೆರಳುದ್ದಕ್ಕಿಂತ ದೊಡ್ಡವು. ತಮಿಳುನಾಡಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯ ಕಡೆ ಜಾಸ್ತಿ.

ಒಣಗಿದ ಕಡಲಕುದುರೆ ಔಷಧಕ್ಕೆ ಬರ್ತದಂತೆ. ಒಂದೆರಡು ತಂದುಕೊಡ್ತೀರಾ?

ಇಲ್ಲ. ದಯವಿಟ್ಟು ಬೇರೆ ಯಾರನ್ನೂ ಕೇಳಬೇಡಿ. 2001ರಿಂದ ನಮ್ಮ ದೇಶದಲ್ಲಿ ಎಲ್ಲ ಕಡಲಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. 2004ರಿಂದ ದೇಶದೇಶಗಳ ನಡುವಿನ ವ್ಯಾಪಾರಕ್ಕೂ ಕಡಿವಾಣವಿದೆ. ಆದರೂ ಒಣಗಿಸಿದ ಮೂಟೆಗಳು ಸಿಕ್ಕಿಬೀಳುತ್ತಲೇ ಇವೆ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರುವುದಿಲ್ಲ.

## ನೀರಿಗೆ ಇಳಿಯುವ ಮುಂಚೆ

ನನಗೆ ಬಾವಿಯಲ್ಲಿ, ಕೆರೆಯಲ್ಲಿ ಚೆನ್ನಾಗಿ ಈಜು ಬರುತ್ತೆ. ಅಷ್ಟು ಸಾಕಲ್ವಾ?

ಒಳ್ಳೆಯ ಶುರುವಾತು. ಡೈವಿಂಗ್ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು. ಅದರ ಕೋರ್ಸಿಗೆ 200 ಮೀಟರ್ ಈಜು, 10 ನಿಮಿಷ ತೇಲುವುದು ಕೇಳುತ್ತಾರೆ, ನಿಮಗದು ಸಲೀಸು. ಆದರೆ ಬಾವಿಯ ಈಜು ಅಂದರೆ ಕೈಕಾಲು ಬಡಿಯುವುದು. ಇಲ್ಲಿ ಬೇಕಾದ್ದು ಅದರ ಉಲ್ಟಾ: ಕೈಕಾಲು ಆಡಿಸದೆ, ಏರದೆ, ಇಳಿಯದೆ, ಒಂದೇ ಮಟ್ಟದಲ್ಲಿ ನಿಲ್ಲುವುದು. ಉಸಿರು ಎಳೆದುಕೊಂಡರೆ ಮೈ ಒಂದಿಷ್ಟು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಆ ಉಸಿರಿನಲ್ಲೇ ಮೈಯನ್ನು ಹಿಡಿದಿಡಬೇಕು. ನೂರಾರು ವರ್ಷದ ಗೋಡೆಗೆ ಒರಗದೆ ಪಕ್ಕದಲ್ಲಿ ನಿಂತ ಹಾಗೆ ಸೀ ಫ್ಯಾನ್ ಪಕ್ಕ ನಿಲ್ಲಬೇಕು.

ಆಳದ ಲೆಕ್ಕವೂ ಇದೆ. ಮೊದಲ ಕೋರ್ಸು ಮುಗಿಸಿದವರಿಗೆ 18 ಮೀಟರಿನವರೆಗೆ ಅವಕಾಶ. ಬಾರ್ಗಿಬಾಂಟಿ ಇರುವುದು 16 ಮೀಟರಿನಿಂದ 40 ಮೀಟರ್ ನಡುವೆ. ಹಾಗಾಗಿ 30 ಮೀಟರ್ ತನಕ ಹೋಗಬಹುದಾದ ಅಡ್ವಾನ್ಸ್‌ಡ್ ಕೋರ್ಸು ಬೇಕೇಬೇಕು. ಆ ಆಳದಲ್ಲಿ ಒತ್ತಡ ನೆಲದ ಮೇಲಿನ ನಾಲ್ಕರಷ್ಟು, ಸಿಲಿಂಡರ್ ಗಾಳಿಯೂ ನಾಲ್ಕು ಪಟ್ಟು ಬೇಗ ಖಾಲಿ. ಕೋರ್ಸಿನ ಕೋಷ್ಟಕದ ಪ್ರಕಾರ 18 ಮೀಟರಿನಲ್ಲಿ 56 ನಿಮಿಷ ಇರಬಹುದು, 30 ಮೀಟರಿನಲ್ಲಿ 20 ನಿಮಿಷ ಮಾತ್ರ. ಫೋಟೋದ ಹುಚ್ಚಿನಲ್ಲಿ ಗಡಿಯಾರ ಮರೆತರೆ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಅಭ್ಯಾಸ ಅಂತ ತುಂಗಭದ್ರೆಯ ಎಡದಂಡೆ ಕಾಲುವೆಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗಿನ ಸೆಳೆತ ಬಲವಾಗಿರುತ್ತದೆ, ಹತ್ತಿ ಬರಲು ದಂಡೆ ಸಿಗುವುದಿಲ್ಲ.

ಡೈವಿಂಗ್ ಎಲ್ಲಿ ಕಲಿಯೋದು? ಆಮೇಲೆ ಎಲ್ಲಿಗೆ ಹೋಗೋದು?

ಕರ್ನಾಟಕದಲ್ಲೇ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡುತ್ತಾರೆ. ಮಳೆಗಾಲದಲ್ಲಿ ನಿಂತಿರುತ್ತದೆ. ಅಂಡಮಾನ್‌ನಲ್ಲೂ ಕಲಿಯಬಹುದು. ಪಿಗ್ಮಿಗಾಗಿ ಜನ ಹೋಗುವುದು ಇಂಡೋನೇಷ್ಯಾದ ಲೆಂಬೆ ಜಲಸಂಧಿ, ಬುನಾಕೆನ್, ರಾಜಾ ಅಂಪತ್, ಫಿಲಿಪ್ಪೀನ್ಸ್‌ನ ಅನಿಲಾವೋ. ನಾನು ಹೋಗಿದ್ದು ಲೆಂಬೆಗೆ. ಗಂಗಾವತಿಯಿಂದ ರಾತ್ರಿ ಬಸ್ಸು, ಬೆಂಗಳೂರಿನಿಂದ ವಿಮಾನ ಬದಲಿಸುತ್ತಾ ಮನಾಡೊ, ಅಲ್ಲಿಂದ ಕಾರು. ವಾಪಸು ಬರುವಾಗ ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಟಿಕೆಟ್ ಮಾಡಿಸುವಾಗಲೇ ಲೆಕ್ಕ ಹಾಕಿಕೊಳ್ಳಿ.

ದುಡ್ಡು ಕಡಿಮೆ ಇದ್ದರೆ ಮೊದಲು ತರಬೇತಿಗೆ, ಆಮೇಲೆ ಪ್ರಯಾಣಕ್ಕೆ, ಕೊನೆಗೆ ಕ್ಯಾಮೆರಾಗೆ ಹಾಕಿ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. 50 ಡೈವ್ ಆಗುವವರೆಗೆ ಪಿಗ್ಮಿಯ ಹತ್ತಿರ ಕ್ಯಾಮೆರಾ ಒಯ್ಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇದು ಯಾವ ಸಂಸ್ಥೆಯ ನಿಯಮವೂ ಅಲ್ಲ, ನನ್ನ ಅಭಿಪ್ರಾಯ.

ಮೊದಲ ಸಲ ನಿಮಗೆ ಹೇಗೆ ಕಂಡಿತು?

ಮೊದಲ ಎರಡು ದಿನ ಕಾಣಲೇ ಇಲ್ಲ. ಗೈಡ್ ಸೀ ಫ್ಯಾನ್ ಪಕ್ಕ ನಿಂತು ದೂರದಿಂದಲೇ ಬೆರಳು ತೋರಿಸಿದರು. ನಾನು ಕಣ್ಣರಳಿಸಿ ನೋಡಿದೆ. ಗುಲಾಬಿ ಗುಬುಟು, ಗುಬುಟು, ಗುಬುಟು. ಅವರ ಶ್ರಮ ನೋಡಿ "ಕಂಡಿತು" ಅಂತ ಕೈಸನ್ನೆ ಮಾಡಿಬಿಟ್ಟೆ. ಆ ರಾತ್ರಿ ಸುಳ್ಳು ಹೇಳಿದ್ದಕ್ಕೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರಿಗೆ ನಿಜ ಹೇಳಿದೆ.

ಮೂರನೇ ದಿನ ಕ್ಯಾಮೆರಾ ದೋಣಿಯಲ್ಲೇ ಬಿಟ್ಟು ಇಳಿದೆ. ಆಗ ನೆನಪಾದದ್ದು ನಮ್ಮ ಅಜ್ಜ. ಆನೆಗೊಂದಿ ಕಡೆ ಬಂಡೆಗಳ ಮೇಲೆ ಕೂತ ಓತಿಕ್ಯಾತವನ್ನು ಅಜ್ಜ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಕೂಡುವ ಕಾಲದಲ್ಲಿ ಗಂಡಿಗೆ ಕೆಂಪು ಬಣ್ಣ ಬರುತ್ತದೆ, ಅದು ಯಾರಿಗಾದರೂ ಕಾಣುತ್ತದೆ. ಹೆಣ್ಣು ಮಾತ್ರ ಬಂಡೆಯದೇ ಬಣ್ಣ. "ಓತಿ ಹುಡುಕಬೇಡ, ಬಂಡಿ ನೋಡು. ಬಂಡಿ ಎಲ್ಲಿ ತಪ್ಪೈತಿ ನೋಡು" ಅನ್ನುತ್ತಿದ್ದರು. ಹಾಗೆಯೇ ಸೀ ಫ್ಯಾನ್ ನೋಡಿದೆ. ಟೊಂಗೆ ಹೇಗೆ ಕವಲೊಡೆಯುತ್ತದೆ, ಗುಬುಟುಗಳ ನಡುವೆ ಎಷ್ಟು ಜಾಗ ಇದೆ ಅಂತ ಸುಮ್ನೆ ನೋಡುತ್ತಾ ನಿಂತೆ. ಒಂದು ಕಡೆ ಟೊಂಗೆ ಇರಬೇಕಾದ್ದಕ್ಕಿಂತ ದಪ್ಪ ಇತ್ತು. ಆ ದಪ್ಪ ಭಾಗ ತಿರುಗಿ ನನ್ನನ್ನು ನೋಡಿತು. ಮಾಸ್ಕಿನ ಒಳಗೆ ಅತ್ತುಬಿಟ್ಟೆ.

ಗೈಡ್ ಇಲ್ಲದೆ ನಾವೇ ಹುಡುಕಿಕೊಳ್ಳಬಹುದಾ?

ಹುಡುಕಬಹುದು, ಆದರೆ ಗೈಡ್ ಜೊತೆ ಹೋಗುವುದೇ ಒಳ್ಳೆಯದು. ಬಾರ್ಗಿಬಾಂಟಿ ಕೂರುವುದು ಮುರಿಸೆಲ್ಲಾ ಎಂಬ ಕುಲದ ಸೀ ಫ್ಯಾನ್ ಮೇಲೆ ಮಾತ್ರ. ಬೇರೆ ಸೀ ಫ್ಯಾನ್‌ಗಳಲ್ಲಿ ಅದನ್ನು ಹುಡುಕಿ ಗಾಳಿ ಖರ್ಚು ಮಾಡಿ ಫಲವಿಲ್ಲ. ಬೆಳೆದ ಕುದುರೆ ಅದೇ ಸೀ ಫ್ಯಾನ್ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಸ್ಥಳೀಯ ಗೈಡ್‌ಗಳಿಗೆ ಮನೆ ವಿಳಾಸದಂತೆ ಜಾಗ ಗೊತ್ತಿರುತ್ತದೆ. ಗೊತ್ತಿಲ್ಲದವರು ಹುಡುಕುವ ಭರದಲ್ಲಿ ಟೊಂಗೆ ಬಾಗಿಸುತ್ತಾರೆ. ಸೀ ಫ್ಯಾನ್ ಬೆಳೆಯುವುದು ಬಹಳ ನಿಧಾನ, ಮುರಿದರೆ ಕುದುರೆಯ ಮನೆಯೇ ಹೋಯಿತು.

## ಕ್ಯಾಮೆರಾ ಮತ್ತು ಬೆಳಕು

ಮೊಬೈಲ್‌ನಲ್ಲಿ ಬರುತ್ತಾ?

ನೀರು ಹೋಗದ ಪೆಟ್ಟಿಗೆಯಲ್ಲಿ ಹಾಕಿ ಒಯ್ದರೆ ನೆನಪಿಗೊಂದು ಚಿತ್ರ ಬರಬಹುದು. ಕಣ್ಣಿನ ಉಂಗುರ ಕಾಣುವಂಥ ಚಿತ್ರ ಕಷ್ಟ.

ಯಾವ ಕ್ಯಾಮೆರಾ, ಯಾವ ಲೆನ್ಸ್ ತಗೋಬೇಕು?

ಕಂಪನಿಯ ಹೆಸರಿಗಿಂತ ಒಂದು ಲೆಕ್ಕ ತಿಳಿದುಕೊಳ್ಳಿ. ಮ್ಯಾಕ್ರೋ ಲೆನ್ಸ್ ಅಂದರೆ ವಸ್ತು ಎಷ್ಟು ದೊಡ್ಡದಿದೆಯೋ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಬೀಳುವ ಫಲಕದ ಮೇಲೂ ಅಷ್ಟೇ ದೊಡ್ಡದಾಗಿ ಬೀಳಿಸುವ ಲೆನ್ಸ್. ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿನ ಅಗಲ 36 ಮಿಲಿಮೀಟರ್. 20 ಮಿಲಿಮೀಟರಿನ ಕುದುರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬುತ್ತದೆ. ಸೆನ್ಸರ್ ಸಣ್ಣದಿದ್ದರೆ, ಅಂದರೆ 23 ಮಿಲಿಮೀಟರ್ ಅಗಲದ ಎಪಿಎಸ್‌-ಸಿ ಆದರೆ, ಹೆಚ್ಚುಕಡಿಮೆ ಇಡೀ ಚೌಕಟ್ಟು ತುಂಬುತ್ತದೆ. ಹಾಗಾಗಿ ಈ ಕೆಲಸಕ್ಕೆ ದುಬಾರಿ ಫುಲ್ ಫ್ರೇಮ್ ಬೇಕೇ ಬೇಕು ಅಂತೇನಿಲ್ಲ.

ಲೆನ್ಸು 100 ಅಥವಾ 105 ಮಿಲಿಮೀಟರ್ ಇರಲಿ. 60 ಮಿಲಿಮೀಟರಿನದಾದರೆ ತೀರಾ ಹತ್ತಿರ ಹೋಗಬೇಕಾಗುತ್ತದೆ, ಕುದುರೆ ಹೆದರುತ್ತದೆ, ಸೀ ಫ್ಯಾನಿಗೆ ತಗಲುವ ಭಯ ಬೇರೆ. ಡೆನಿಸೆ, ಪೊಂಟೋಹಿಗೆ ಇನ್ನಷ್ಟು ದೊಡ್ಡದು ಮಾಡಬೇಕೆಂದರೆ ನೀರಿನೊಳಗೇ ಹಾಕಿ ತೆಗೆಯಬಹುದಾದ ಕ್ಲೋಸಪ್ ಲೆನ್ಸ್ ಸಿಗುತ್ತದೆ. ಒಲಿಂಪಸ್ ಟಿಜಿ ಸಾಲಿನ ಪುಟ್ಟ ಕ್ಯಾಮೆರಾಗಳೂ ಸಣ್ಣ ಜೀವಿಗಳಿಗೆ ಚೆನ್ನಾಗಿವೆ. ನಾನು ಶುರು ಮಾಡಿದ್ದು ಅದರಲ್ಲೇ.

ಸೆಟ್ಟಿಂಗ್ ಹೇಳಿ ಅಕ್ಕ, ಬರ್ಕೊಳ್ತೀನಿ.

ಮ್ಯಾನುಯಲ್ ಮೋಡ್. ಶಟರ್ 1/200, ಐಎಸ್‌ಒ 200, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/16. ಇಲ್ಲಿಂದ ಶುರು ಮಾಡಿ, ನೀರಿನೊಳಗಿನ ಫ್ಲ್ಯಾಶ್ ಆದ ನಿಮ್ಮ ಸ್ಟ್ರೋಬ್‌ಗೆ ತಕ್ಕ ಹಾಗೆ ಬದಲಿಸಿಕೊಳ್ಳಿ. ಇಷ್ಟು ಹತ್ತಿರದಲ್ಲಿ ಫೋಕಸ್ ಇರುವ ಪದರ ಬಹಳ ತೆಳು. ಎಫ್/16ರಲ್ಲೂ ಕಣ್ಣು ಸ್ಪಷ್ಟವಾದರೆ ಬಾಲ ಮಸುಕಾಗಬಹುದು. ಹಾಗಂತ ಎಫ್/32ಕ್ಕೆ ಹೋದರೆ ಇಡೀ ಚಿತ್ರದ ಚೂಪೇ ಹೋಗುತ್ತದೆ.

ಸ್ಟ್ರೋಬ್ ಯಾಕೆ ಬೇಕು ಅಂದರೆ ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. 20 ಮೀಟರಿನಲ್ಲಿ ಗುಲಾಬಿ ಕುದುರೆ ಬೂದು ಬಣ್ಣಕ್ಕೆ ಕಾಣುತ್ತದೆ. ಸ್ಟ್ರೋಬ್ ಬೆಳಕು ಬಿದ್ದ ಮೇಲೆಯೇ ನಿಜವಾದ ಬಣ್ಣ. ಎರಡು ಸ್ಟ್ರೋಬ್ ಇದ್ದರೆ ಲೆನ್ಸಿನ ಎರಡೂ ಬದಿಗೆ ಸ್ವಲ್ಪ ಹಿಂದಕ್ಕೆ ಇಡಿ. ನೇರ ಮುಂದಕ್ಕೆ ಬೆಳಕು ಬಿಟ್ಟರೆ ನೀರಿನಲ್ಲಿ ತೇಲುವ ಕಸವೆಲ್ಲ ಮಂಜಿನ ಹನಿಯಂತೆ ಹೊಳೆದು ಚಿತ್ರ ಕೆಡುತ್ತದೆ.

ಫೋಕಸ್ ನಿಲ್ಲೋದೇ ಇಲ್ಲ. ಸೀ ಫ್ಯಾನೂ ಓಲಾಡುತ್ತೆ, ನಾನೂ ಓಲಾಡ್ತೀನಿ.

ಆಟೋಫೋಕಸ್ ಆ ಗುಬುಟುಗಳ ನಡುವೆ ದಾರಿ ತಪ್ಪುತ್ತದೆ. ಕುದುರೆಗಿಂತ ಮೊದಲು ಅಷ್ಟೇ ದೂರದ ಕಲ್ಲಿನ ಮೇಲೆ ಫೋಕಸ್ ಮಾಡಿ ಲಾಕ್ ಮಾಡಿಕೊಳ್ಳಿ. ಬೆಳಕನ್ನೂ ಆ ಕಲ್ಲಿನ ಮೇಲೆಯೇ ಸರಿಮಾಡಿಕೊಳ್ಳಿ. ಆಮೇಲೆ ಸೀ ಫ್ಯಾನ್ ಹತ್ತಿರ ಬಂದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತನ್ನಿ. ಕಣ್ಣು ಚೂಪಾದ ಕ್ಷಣ ಒತ್ತಿ. ಸೆಳೆತದಲ್ಲಿ ಸೀ ಫ್ಯಾನ್ ಓಲಾಡಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ, ಅದರ ಲಯ ಹಿಡಿದುಕೊಳ್ಳಿ. ಉಸಿರು ಬಿಗಿ ಹಿಡಿಯಬೇಡಿ. ನೀರಿನಡಿ ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶಕ್ಕೆ ಪೆಟ್ಟು.

ಯಾವಾಗಲೂ ಬೆನ್ನು ತಿರುಗಿಸಿಕೊಳ್ಳುತ್ತೆ. ಮುಖ ಹೇಗೆ ಸಿಗುತ್ತೆ?

ಕಾಯಬೇಕು. ಬೇರೆ ದಾರಿ ಇಲ್ಲ, ಇರಲೂಬಾರದು.

ಒಂದು ಸಲ ನನ್ನ ಮುಂದಿದ್ದವರು ಉಕ್ಕಿನ ಕಡ್ಡಿಯಿಂದ ಕುದುರೆಯನ್ನು ಮೆಲ್ಲಗೆ ತಿರುಗಿಸಿದರು. ಅದು ಹಿಡಿತ ತಪ್ಪಿ ನೀರಿನಲ್ಲಿ ತೇಲಿತು. ಪುಟ್ಟ ರೆಕ್ಕೆ ಬಡಿಯುತ್ತಾ ಮತ್ತೆ ಟೊಂಗೆ ಹಿಡಿಯಲು ಒದ್ದಾಡಿತು. ಅವರಿಗೆ ಮುಖದ ಚಿತ್ರ ಸಿಕ್ಕಿತು. ನಾನು ಫೋಟೋ ತೆಗೆಯದೆ ವಾಪಸಾದೆ, ದೋಣಿಯಲ್ಲಿ ಅವರಿಗೆ ನೇರವಾಗಿ ಹೇಳಿದೆ. ಅವರು ತಲೆ ತಗ್ಗಿಸಿದರು. ಕೆಟ್ಟವರಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ ಅಷ್ಟೇ.

ಕುದುರೆ ಬೆನ್ನು ತಿರುಗಿಸಿದರೆ ನಾವು ತೀರಾ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಒಂದು ಮೊಳ ಹಿಂದೆ ಸರಿಯಿರಿ. ದೀಪವನ್ನು ಅದರ ಮುಖದಿಂದ ತೆಗೆಯಿರಿ. ಎರಡು ಮೂರು ನಿಮಿಷಕ್ಕೆ ಅದು ಮತ್ತೆ ತಿನ್ನಲು ಶುರು ಮಾಡುತ್ತದೆ. ತಿನ್ನುವಾಗ ತಲೆ ಎತ್ತಲೇಬೇಕು. ನನ್ನ ಒಳ್ಳೆಯ ಚಿತ್ರಗಳೆಲ್ಲ ಆ ಹೊತ್ತಿನಲ್ಲಿ ಸಿಕ್ಕವು.

ಫ್ಲ್ಯಾಶ್ ಹೊಡೆದರೆ ಕಣ್ಣು ಹೋಗುತ್ತಂತೆ. ನೀವು ಹೊಡೀತೀರಲ್ಲ?

ನ್ಯಾಯವಾದ ಪ್ರಶ್ನೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಡಲಕುದುರೆ ಮತ್ತು ಅದರ ಹಾಗೆ ತಳದಲ್ಲಿ ಬದುಕುವ ಮೀನುಗಳ ಮೇಲೆ ಇದನ್ನೇ ನೋಡಿದರು. ಫ್ಲ್ಯಾಶಿನಿಂದ ಕಣ್ಣಿಗೆ ಹಾನಿ ಕಾಣಲಿಲ್ಲ. ಮುಟ್ಟುವುದು, ಸರಿಸುವುದರಿಂದ ಆದ ಕಾಟವೇ ದೊಡ್ಡದು. ಆದರೂ ನಾನು ಒಂದು ಕುದುರೆಗೆ ಐದು ಚಿತ್ರ ಮಾತ್ರ ಅಂತ ಲೆಕ್ಕ ಇಟ್ಟಿದ್ದೇನೆ, ಎಷ್ಟೋ ಕಡೆ ಗೈಡ್‌ಗಳೂ ಇದನ್ನೇ ಹೇಳುತ್ತಾರೆ. ನಾನೊಬ್ಬಳು ಹೋದ ಮೇಲೆ ಅದೇ ದಿನ ಇನ್ನೂ ಹತ್ತು ಜನ ಅದರ ಮುಂದೆ ಬರುತ್ತಾರೆ ಅಲ್ವಾ? ಬಸಿರಿರುವ ಗಂಡು ಕಂಡರೆ ಎರಡೇ.

ಸಮುದ್ರ ಇಲ್ಲದ ಊರಲ್ಲಿ ಅಭ್ಯಾಸ ಹೇಗೆ ಮಾಡ್ತೀರಿ?

ಇದನ್ನು ರಾಯಚೂರಿನ ಹುಡುಗನೊಬ್ಬ ಕೇಳಿದ, ನನಗೆ ಬಹಳ ಇಷ್ಟವಾದ ಪ್ರಶ್ನೆ. ನಮ್ಮ ಕಡೆ ಅಡಗಿ ಕೂರುವ ಜೀವಿಗಳಿಗೆ ಬರವೇ ಇಲ್ಲ. ಸಾಣಾಪುರದ ಬಂಡೆಗಳ ಮೇಲೆ ಕಲ್ಲಿನ ಬಣ್ಣದ ಓತಿಕ್ಯಾತ, ಒಣಹುಲ್ಲಿನಲ್ಲಿ ಕಡ್ಡಿಯಂಥ ಮಿಡತೆ, ತಂಗಡಿ ಹೂವಿನೊಳಗೆ ಹಳದಿ ಜೇಡ. ಟ್ರೈಪಾಡ್ ಬಿಟ್ಟು, ಕೈಯಲ್ಲೇ ಕ್ಯಾಮೆರಾ ಹಿಡಿದು, ಫೋಕಸ್ ಲಾಕ್ ಮಾಡಿ, ಮೈಯನ್ನೇ ಹಿಂದೆ ಮುಂದೆ ಆಡಿಸಿ ತೆಗೆಯಿರಿ. ಐದೇ ಚಿತ್ರದ ನಿಯಮ ಅಲ್ಲಿಂದಲೇ ಶುರುವಾಗಲಿ. ಹೂವು ಕೀಳುವಂತಿಲ್ಲ, ಎಲೆ ಸರಿಸುವಂತಿಲ್ಲ.

ಮನೆಯಲ್ಲಿ ದಾರಕ್ಕೆ ಒಂದು ಅಕ್ಕಿಕಾಳು ಅಂಟಿಸಿ ಫ್ಯಾನಿನ ಮುಂದೆ ತೂಗುಬಿಡಿ. ಅದು ಓಲಾಡುವಾಗ ಚೂಪಾದ ಚಿತ್ರ ತೆಗೆಯಲು ಬಂತು ಅಂದರೆ ಅರ್ಧ ಕೆಲಸ ಆಯಿತು. ನಾನು ಒಂದು ಬೇಸಿಗೆ ಇಡೀ ಇದನ್ನೇ ಮಾಡಿದ್ದೇನೆ.

ತೆಗೆದ ಫೋಟೋ ಏನು ಮಾಡಬೇಕು? ಜಾಗದ ಹೆಸರು ಹಾಕಬಹುದಾ?

ದೊಡ್ಡ ಪ್ರದೇಶದ ಹೆಸರು ಹಾಕಿ. ಇಂಥ ತಿರುವಿನ ಇಂಥ ಸೀ ಫ್ಯಾನ್ ಅಂತ ಎಲ್ಲರಿಗೂ ಹೇಳಬೇಡಿ, ಆ ಒಂದು ಸೀ ಫ್ಯಾನ್ ಮುಂದೆ ಸಾಲು ನಿಲ್ಲುತ್ತದೆ.

ಸಂಶೋಧಕರಿಗೆ ಮಾತ್ರ ಪೂರ್ತಿ ವಿವರ ಕೊಡಿ. ಐಸೀಹಾರ್ಸ್ ಎಂಬ ಜಾಲತಾಣದಲ್ಲಿ ಜನಸಾಮಾನ್ಯರು ಕಂಡ ಕಡಲಕುದುರೆಗಳನ್ನು ದಾಖಲಿಸಬಹುದು. ನಮ್ಮಂಥವರ ಚಿತ್ರಕ್ಕೆ ಬೆಲೆ ಇದೆ. ಜಪಾನಿನ ಜಪಾಪಿಗು ಎಂಬ ಪಿಗ್ಮಿಗೆ ಹೆಸರು ಬಂದದ್ದು 2018ರಲ್ಲಿ, ಅಲ್ಲಿನ ಡೈವರ್‌ಗಳಿಗೆ ಅದು ಮುಂಚೆಯೇ ಗೊತ್ತಿತ್ತು. ಆಫ್ರಿಕಾದ ತೀರದ ಮೊದಲ ಪಿಗ್ಮಿ ನಾಲು, ದಕ್ಷಿಣ ಆಫ್ರಿಕಾದ ಸೋಡ್ವಾನಾ ಕೊಲ್ಲಿಯಲ್ಲಿ ಡೈವಿಂಗ್ ಕಲಿಸುವ ಒಬ್ಬರ ಕಣ್ಣಿಗೆ ಮೊದಲು ಬಿತ್ತು. 2020ರಲ್ಲಿ ಅದು ಹೊಸ ಜಾತಿ ಅಂತ ಗುರುತಾಯಿತು.

ಹಾಗಾಗಿ ಐದು ಚಿತ್ರಗಳಲ್ಲಿ ಒಂದು ಪಕ್ಕದಿಂದ ಇಡೀ ಮೈ ಕಾಣುವಂತಿರಲಿ, ಒಂದು ಸೀ ಫ್ಯಾನ್ ಸಮೇತ ಇರಲಿ. ದಿನಾಂಕ, ಆಳ, ನೀರಿನ ಉಷ್ಣತೆ ದೋಣಿ ಹತ್ತಿದ ಕೂಡಲೇ ಬರೆದಿಡಿ. ರೂಮಿಗೆ ಹೋಗಿ ಬರೆಯುತ್ತೇನೆ ಅಂದುಕೊಂಡರೆ ಮರೆತುಹೋಗುತ್ತದೆ.